ಮೊಲದ ಬೆನ್ನಿನ ಸುಟ್ಟಗಾಯ: ಒಂದು ಎಲೆಕ್ಟ್ರೋಸರ್ಜರಿ ಪ್ರಕರಣ

ಪೂರ್ತಿ ಬೆಳೆದ ಹೆಣ್ಣು ನ್ಯೂಜಿಲೆಂಡ್ ವೈಟ್ ಮೊಲ, ತೂಕ 3.2 ಕಿಲೋ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುವ ಜೆಲ್ ಒಂದನ್ನು ಪರೀಕ್ಷಿಸುವ ಅಧ್ಯಯನದಲ್ಲಿ ಅದು ಸೇರಿತ್ತು. ಹೊಟ್ಟೆ ತೆರೆದು, ಗರ್ಭಕೋಶದ ಕೊಂಬುಗಳ ಮೇಲೆ ಗೊತ್ತಾದ ಅಳತೆಯ ಗಾಯ ಮಾಡಿ, ಜೆಲ್ ಹಚ್ಚಿ, ಹೊಲಿಗೆ ಹಾಕುವುದು ಯೋಜನೆ. ಗಾಯ ಮಾಡಲಿಕ್ಕೂ ರಕ್ತ ನಿಲ್ಲಿಸಲಿಕ್ಕೂ ಮೊನೊಪೋಲಾರ್ ಎಲೆಕ್ಟ್ರೋಸರ್ಜರಿ ಯಂತ್ರ, ಎಂದರೆ ವಿದ್ಯುತ್ತನ್ನು ಪ್ರಾಣಿಯ ಮೈಯ ಮೂಲಕ ಹರಿಸಿ ಅದರ ಬಿಸಿಯಿಂದ ಅಂಗಾಂಶ ಸುಡುವ ಯಂತ್ರ, ಬಳಸಿದ್ದರು. ಸಂಸ್ಥೆಯ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಪ್ರಕರಣಕ್ಕೆ ಅವು ಬೇಕಾಗಿಯೂ ಇಲ್ಲ.

ಮೊದಲ ಎರಡು ದಿನ ಮೊಲ ಚೆನ್ನಾಗಿಯೇ ಇತ್ತು. ಮೂರನೆಯ ದಿನ ಮೇವು ಬಿಟ್ಟಿತು. ನಾಲ್ಕನೆಯ ದಿನ ಪ್ರಾಣಿಪಾಲಕರ ಪುಸ್ತಕದಲ್ಲಿ ಹೀಗಿತ್ತು: ಹಿಕ್ಕೆ ಕಡಿಮೆ, ಇರುವುದೂ ಸಣ್ಣದು, ಎತ್ತಿಕೊಳ್ಳಲು ಹೋದರೆ ಸೊಂಟ ತಗ್ಗಿಸಿ ಜಾರಿಕೊಳ್ಳುತ್ತದೆ. ಹೊಟ್ಟೆಯ ಹೊಲಿಗೆ ಒಣಗಿ ಶುಭ್ರವಾಗಿತ್ತು, ಜ್ವರ ಇರಲಿಲ್ಲ. ಹೊಟ್ಟೆಯೊಳಗೆ ಸೋಂಕಾಗಿರಬೇಕು, ಇಲ್ಲವೇ ಕರುಳು ನಿಧಾನವಾಗಿರಬೇಕು ಎಂದು ತಂಡ ಊಹಿಸಿತ್ತು. ನನ್ನನ್ನು ಕರೆಸಿದ್ದು ಆಗ. ಹೊಟ್ಟೆ ಮುಟ್ಟಿದಾಗ ಮೊಲ ಸುಮ್ಮನಿತ್ತು. ಬೆನ್ನಿನ ಮೇಲೆ ಕೈಯಾಡಿಸಿದಾಗ ಮಾತ್ರ, ಸೊಂಟದ ಬಲಬದಿಯಲ್ಲಿ, ಹಲ್ಲು ಕಡಿಯಿತು. ಅಲ್ಲಿ ತುಪ್ಪಳ ಗಂಟುಕಟ್ಟಿ ಅಂಟಿಕೊಂಡಿತ್ತು. ಕ್ಲಿಪ್ಪರ್ ಹಿಡಿದು ತೆಗೆದಾಗ ಚರ್ಮದ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಪಟ್ಟಿ ಕಂಡಿತು: ಸುಮಾರು 5 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ, ನಡುವೆ ಬೂದುಬಿಳುಪು, ಗಟ್ಟಿ, ಸುತ್ತ ಕೆಂಪು ಅಂಚು. ಸೂಜಿಯ ತುದಿ ತಾಗಿಸಿದರೆ ನಡುವೆ ಏನೂ ಪ್ರತಿಕ್ರಿಯೆ ಇಲ್ಲ, ಅಂಚಿನಲ್ಲಿ ಇಡೀ ಮೈ ಸೆಟೆಯುತ್ತದೆ. ಚರ್ಮದ ಪೂರ್ತಿ ದಪ್ಪವನ್ನೂ ತಿಂದ ಸುಟ್ಟಗಾಯದ ಲಕ್ಷಣವಿದು.

ನಾಲ್ಕು ದಿನ ಇದು ಕಣ್ಣಿಗೆ ಬೀಳದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಆಳವಾಗಿ ಸುಟ್ಟ ಚರ್ಮ ಮೊದಲ ದಿನ ತುಸು ಬಿಳಿಚಿಕೊಂಡೋ ಕೆಂಪಾಗಿಯೋ ಇರಬಹುದು, ಅಷ್ಟೆ. ಸತ್ತ ಭಾಗ ಯಾವುದು, ಉಳಿದದ್ದು ಯಾವುದು ಎಂಬ ಗೆರೆ ಮೂಡಲು ಹಲವು ದಿನ ಬೇಕು. ಮೇಲೆ ಮೊಲದ ದಟ್ಟ ತುಪ್ಪಳದ ಹೊದಿಕೆ. ಜೊತೆಗೆ ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ನಾಯಿಯಂತೆ ಕುಂಯ್‌ಗುಡುವುದಿಲ್ಲ, ಕಣ್ಣು ಕಿರಿದು ಮಾಡಿ, ಕೆನ್ನೆ ಚಪ್ಪಟೆ ಮಾಡಿ, ಕಿವಿ ಹಿಂದಕ್ಕೆಳೆದು, ತಿನ್ನುವುದನ್ನು ನಿಲ್ಲಿಸುತ್ತದೆ. ಮೊಲಗಳ ಮುಖಚಹರೆಯಿಂದ ನೋವನ್ನು ಅಳೆಯುವ ಅಳತೆಗೋಲು 2012ರಿಂದ ಪ್ರಕಟವಾಗಿ ಸಿಗುತ್ತಿದೆ. ಆ ಪ್ರಯೋಗಾಲಯದಲ್ಲಿ ಅದರ ಚಿತ್ರಪಟ ಗೋಡೆಯ ಮೇಲಿತ್ತು, ದಿನದ ತಪಾಸಣೆಯ ಹಾಳೆಯಲ್ಲಿ ಇರಲಿಲ್ಲ.

ಚಿಕಿತ್ಸೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ನೋವು ನಿವಾರಣೆ: ಬ್ಯೂಪ್ರೆನಾರ್ಫಿನ್ ಮತ್ತು ಮೆಲಾಕ್ಸಿಕಾಂ. ಜೊತೆಗೆ ದ್ರವ, ಒಣಹುಲ್ಲು, ಸಿರಿಂಜಿನಲ್ಲಿ ನಾರಿನ ಆಹಾರ. ಮೊಲದ ಕರುಳು ನಿಂತರೆ ಸುಟ್ಟಗಾಯಕ್ಕಿಂತ ಬೇಗ ಅದೇ ಪ್ರಾಣ ತೆಗೆಯುತ್ತದೆ. ಆಂಟಿಬಯಾಟಿಕ್ ಬೇಕೆಂದು ಯಾರೋ ಅಮಾಕ್ಸಿಸಿಲಿನ್ ಸಿರಪ್ ತಂದಿಟ್ಟಿದ್ದರು. ಅದನ್ನು ಅಲ್ಲಿಂದ ತೆಗೆಸಿದೆ. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಗುಂಪಿನ ಔಷಧಗಳು ಮೊಲದ ಸೀಕಂನಲ್ಲಿರುವ (ದೊಡ್ಡ ಕರುಳಿನ ಆರಂಭದ ಚೀಲ) ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅಳಿಸಿ, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು, ಮಾರಕ ಭೇದಿ ತರುತ್ತವೆ. ಈ ಪ್ರಾಣಿಯನ್ನು ನೋವಿಲ್ಲದೆ ಮುಗಿಸುವುದೇ ಸರಿಯೇ ಎಂಬ ಚರ್ಚೆ ಸಂಸ್ಥೆಯ ಪ್ರಾಣಿ ಸಮಿತಿಯಲ್ಲಿ ಆಯಿತು. ನೋವು ಹತೋಟಿಗೆ ಬಂದು ಮೊಲ ತಿನ್ನತೊಡಗಿದ್ದರಿಂದ ಉಳಿಸಿಕೊಂಡರು. ಗೆರೆ ಸ್ಪಷ್ಟವಾದ ಮೇಲೆ ಸತ್ತ ಚರ್ಮವನ್ನು ಕತ್ತರಿಸಿ ತೆಗೆದು ಎರಡು ಪದರದಲ್ಲಿ ಹೊಲಿದೆವು. ಮೊಲದ ಬೆನ್ನಿನ ಚರ್ಮ ಸಡಿಲವಾದ್ದರಿಂದ ಎಳೆತವಿಲ್ಲದೆ ಕೂಡಿಕೊಂಡಿತು.

ಇನ್ನು ಕಾರಣದ ಮಾತು.

ಎಲ್ಲರ ಬೆರಳೂ ಮೊದಲು ತೋರಿದ್ದು ಬೆಚ್ಚಗಿಡುವ ಹಾಸಿಗೆಯ ಕಡೆಗೆ. ಶಸ್ತ್ರಚಿಕಿತ್ಸೆಯ ನಂತರ ಪ್ರಾಣಿಯ ಬೆನ್ನು ಸುಟ್ಟಿದೆ ಎಂದಾಗ ಎಲ್ಲ ಕಡೆಯೂ ಹೀಗೇ ಆಗುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ವಿದ್ಯುತ್ತಿನಿಂದ ನೇರವಾಗಿ ಕಾಯುವ ಕಂಬಳಿಗಳು ಪ್ರಾಣಿಗಳನ್ನು ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಇಲ್ಲಿದ್ದದ್ದು ಬಿಸಿನೀರು ಹರಿಯುವ ಹಾಸಿಗೆ, 38 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟದ್ದು, ಉಷ್ಣತೆಯನ್ನು ತಾನೇ ದಾಖಲಿಸುವಂಥದ್ದು. ದಾಖಲೆಯಲ್ಲಿ ಅದು ಎಲ್ಲೂ ಮೇಲೇರಿರಲಿಲ್ಲ. 1947ರಲ್ಲಿ ಮೋರಿಟ್ಜ್ ಮತ್ತು ಹೆನ್ರಿಕ್ಸ್ ಹಂದಿಯ ಹಾಗೂ ಮನುಷ್ಯನ ಚರ್ಮದ ಮೇಲೆ ಮಾಡಿದ ಅಳತೆಗಳ ಪ್ರಕಾರ ಚರ್ಮ 44 ಡಿಗ್ರಿಯಲ್ಲಿ ಸುಡಲು ಸುಮಾರು 6 ಗಂಟೆ ಬೇಕು. ಅಲ್ಲಿಂದ ಮುಂದೆ ಒಂದೊಂದು ಡಿಗ್ರಿ ಏರಿದಂತೆ ಬೇಕಾದ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. 38 ಡಿಗ್ರಿ ಆ ಲೆಕ್ಕದಲ್ಲೇ ಬರುವುದಿಲ್ಲ. ಇಡೀ ಶಸ್ತ್ರಚಿಕಿತ್ಸೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ನಡೆದಿತ್ತು.

ಗಾಯದ ಆಕಾರವೂ ಹಾಸಿಗೆಯ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಹಾಸಿಗೆ ಸುಟ್ಟರೆ ಭಾರ ಬೀಳುವ ಜಾಗಗಳು ಸುಡುತ್ತವೆ: ಭುಜದ ಮೂಳೆ, ಬೆನ್ನೆಲುಬಿನ ಉಬ್ಬು, ಸೊಂಟದ ಮೂಳೆಯ ತುದಿ. ಅಲ್ಲಿ ಮೂಳೆ ಚರ್ಮವನ್ನು ಒತ್ತಿ ರಕ್ತ ಹರಿಯದಂತೆ ಮಾಡಿರುತ್ತದೆ, ಬಿಸಿಯನ್ನು ಹೊತ್ತೊಯ್ಯಲು ರಕ್ತವಿರುವುದಿಲ್ಲ. ಈ ಮೊಲದಲ್ಲಿ ಆ ಜಾಗಗಳೆಲ್ಲ ಚೆನ್ನಾಗಿದ್ದವು. ಸುಟ್ಟದ್ದು ಬೆನ್ನೆಲುಬಿನಿಂದ ಪಕ್ಕಕ್ಕೆ, ಮೃದುವಾದ ಜಾಗದಲ್ಲಿ, ಒಂದು ಗೆರೆಯಂತೆ. ಮೊಲವನ್ನು ಅಂದಿನಂತೆಯೇ ಅಂಗಾತ ಮಲಗಿಸಿ ನೋಡಿದಾಗ ಆ ಬಾಗಿದ ಗೆರೆ ಬೆನ್ನ ಕೆಳಗೆ ಇಟ್ಟಿದ್ದ ಲೋಹದ ರಿಟರ್ನ್ ಪ್ಲೇಟಿನ ಅಂಚಿಗೆ ಸರಿಯಾಗಿ ಕೂತಿತು. ಯಾವ ಅಂಚು? ಶಸ್ತ್ರಚಿಕಿತ್ಸೆ ನಡೆದ ಕೆಳಹೊಟ್ಟೆಗೆ ಹತ್ತಿರದ ಅಂಚು.

ಮೊನೊಪೋಲಾರ್ ವ್ಯವಸ್ಥೆಯಲ್ಲಿ ವಿದ್ಯುತ್ತು ಯಂತ್ರದಿಂದ ಶಸ್ತ್ರವೈದ್ಯರ ಕೈಯಲ್ಲಿರುವ ಪೆನ್ಸಿಲ್ಲಿಗೆ, ಅದರ ತುದಿಯಿಂದ ಪ್ರಾಣಿಯ ಮೈಯೊಳಕ್ಕೆ, ಅಲ್ಲಿಂದ ಪ್ಲೇಟಿಗೆ, ಪ್ಲೇಟಿನಿಂದ ಮತ್ತೆ ಯಂತ್ರಕ್ಕೆ ಸುತ್ತುತ್ತದೆ. ತುದಿಯಲ್ಲಿ ಹರಿಯುವಷ್ಟೇ ವಿದ್ಯುತ್ತು ಪ್ಲೇಟಿನಲ್ಲೂ ಹರಿಯುತ್ತದೆ. ತುದಿ ಸುಡುತ್ತದೆ, ಪ್ಲೇಟು ಸುಡುವುದಿಲ್ಲ. ಏಕೆಂದರೆ ತುದಿ ಸೂಜಿಮೊನೆಯಷ್ಟು, ಪ್ಲೇಟು ಅಂಗೈಯಗಲ. ಒಂದು ಜಾಗದಲ್ಲಿ ಹುಟ್ಟುವ ಬಿಸಿ ಅಲ್ಲಿನ ವಿದ್ಯುತ್ ಸಾಂದ್ರತೆಯ ವರ್ಗಕ್ಕೆ ಅನುಗುಣ. ತಾಗಿರುವ ಜಾಗ ಅರ್ಧವಾದರೆ ಬಿಸಿ ನಾಲ್ಕು ಪಟ್ಟು, ಕಾಲುಭಾಗವಾದರೆ ಹದಿನಾರು ಪಟ್ಟು. ಪ್ಲೇಟು ಪೂರ್ತಿ ತಾಗಿದ್ದಾಗಲೂ ವಿದ್ಯುತ್ತು ಎಲ್ಲ ಕಡೆ ಸಮವಾಗಿ ಹಂಚಿಹೋಗುವುದಿಲ್ಲ. ಅಂಚುಗಳಲ್ಲಿ, ಅದರಲ್ಲೂ ಶಸ್ತ್ರಚಿಕಿತ್ಸೆಯ ಜಾಗಕ್ಕೆ ಎದುರಾದ ಅಂಚಿನಲ್ಲಿ, ಹೆಚ್ಚು ಒಟ್ಟಾಗುತ್ತದೆ. ಉದ್ದದ ಅಂಚು ಶಸ್ತ್ರಚಿಕಿತ್ಸೆಯ ಕಡೆಗಿರುವಂತೆ ಪ್ಲೇಟು ಇಡಬೇಕೆನ್ನುವುದು ಇದಕ್ಕೇ. ಇಲ್ಲಿ ಗಿಡ್ಡ ಅಂಚು ಆ ಕಡೆಗಿತ್ತು.

ಈ ಯಂತ್ರಗಳ ಆವರ್ತನ ಸಾಮಾನ್ಯವಾಗಿ 300ರಿಂದ 500 ಕಿಲೋಹರ್ಟ್ಸ್ ಆಸುಪಾಸು. ಸೂಕ್ಷ್ಮ ಕೆಲಸಕ್ಕೆ ಬಳಸುವ ರೇಡಿಯೋಸರ್ಜರಿ ಯಂತ್ರಗಳಲ್ಲಿ 4 ಮೆಗಾಹರ್ಟ್ಸ್‌ವರೆಗೆ. 100 ಕಿಲೋಹರ್ಟ್ಸ್ ದಾಟಿದ ಮೇಲೆ ನರ, ಸ್ನಾಯುಗಳು ವಿದ್ಯುತ್ತಿಗೆ ಸ್ಪಂದಿಸುವುದಿಲ್ಲ. ಈ ಗುಣದಿಂದಲೇ ಎಲೆಕ್ಟ್ರೋಸರ್ಜರಿ ಸಾಧ್ಯವಾಗಿದೆ. ಹಾಗೆಯೇ ಬೆನ್ನು ಬೇಯುತ್ತಿದ್ದರೂ ಮೈ ಅದುರುವುದಿಲ್ಲ, ಹೃದಯದ ಗೆರೆಯಲ್ಲಿ ಸುಳಿವಿಲ್ಲ. ಅರಿವಳಿಕೆಯಲ್ಲಿರುವ ಪ್ರಾಣಿ ತಾನಾಗಿ ಏನನ್ನೂ ತಿಳಿಸಲಾರದು.

ಹಾಗಾದರೆ ಸುಳಿವೇ ಇರಲಿಲ್ಲವೇ? ಇತ್ತು. ಅಂದು ಕೊಠಡಿಯಲ್ಲಿದ್ದ ಮೂವರನ್ನೂ ಬೇರೆಬೇರೆಯಾಗಿ ಮಾತನಾಡಿಸಿದೆ. ಮೂವರೂ ಹೇಳಿದ ಒಂದು ಸಂದರ್ಭ ಒಂದೇ ಆಗಿತ್ತು. ಹೊಟ್ಟೆಯ ಗೋಡೆಯಿಂದ ರಕ್ತ ಜಿನುಗುತ್ತಿತ್ತು. ಕೋಯಾಗ್ (ರಕ್ತ ಹೆಪ್ಪುಗಟ್ಟಿಸುವ ಮೋಡ್) 20 ವಾಟ್‌ಗೆ ಇಟ್ಟಿತ್ತು.

"ಯಾಕೋ ಹಿಡೀತಾ ಇಲ್ಲಪ್ಪ, ಸ್ವಲ್ಪ ಏರಿಸು," ಎಂದರು ಶಸ್ತ್ರವೈದ್ಯರು.

"ಮೂವತ್ತು ಮಾಡಿದೀನಿ ಮೇಡಂ."

"ಇನ್ನೂ ಆಗ್ತಿಲ್ಲ. ನಲವತ್ತೈದಕ್ಕೆ ಇಡು."

45ರಲ್ಲಿ ಕೆಲಸ ನಡೆಯಿತು. ಅಲ್ಲಿಂದ ಮುಂದೆ ಯಾರೂ ಅದನ್ನು ಇಳಿಸಲಿಲ್ಲ. ರಕ್ತ ನಿಲ್ಲಿಸಲಿಕ್ಕೂ, ಎರಡು ಕೊಂಬುಗಳ ಮೇಲೆ ಗಾಯ ಮಾಡಲಿಕ್ಕೂ ಅದೇ 45. ಪೆಡಲ್ ಒತ್ತಿಹಿಡಿದ ಅವಧಿಗಳೂ ಉದ್ದವಾಗಿದ್ದವು.

ನನ್ನ ಮಟ್ಟಿಗೆ ಪ್ರಕರಣದ ತಿರುಳು ಈ ಮೂರು ಸಾಲಿನ ಮಾತಿನಲ್ಲಿದೆ. ನಿನ್ನೆ 20 ವಾಟ್‌ನಲ್ಲಿ ಚೆನ್ನಾಗಿ ನಡೆದ ಕೆಲಸ ಇಂದು ಅದೇ ಜಾತಿಯ, ಅದೇ ಗಾತ್ರದ ಪ್ರಾಣಿಯಲ್ಲಿ ನಡೆಯುತ್ತಿಲ್ಲ ಎಂದರೆ ಸುತ್ತಿನಲ್ಲಿ ಎಲ್ಲೋ ಅಡ್ಡಿ ಇದೆ. ಆ ಅಡ್ಡಿ ಪ್ಲೇಟಿನಲ್ಲಿದ್ದರೆ, ಶಕ್ತಿ ಏರಿಸುವುದೆಂದರೆ ಅಲ್ಲಿನ ಬಿಸಿಯನ್ನು ಏರಿಸುವುದು. 20ರಿಂದ 45ಕ್ಕೆ ಹೋದಾಗ, ಪ್ರತಿರೋಧ ಬದಲಾಗದೆ ಇದ್ದರೆ, ವಿದ್ಯುತ್ತು ಒಂದೂವರೆ ಪಟ್ಟು, ಬಿಸಿ ಎರಡೂಕಾಲು ಪಟ್ಟು. "ಏರಿಸು" ಎಂಬ ಮಾತು ಬಂದ ಕೂಡಲೇ ಪೆನ್ಸಿಲ್ ಕೆಳಗಿಟ್ಟು ಹೊದಿಕೆಯ ಕೆಳಗೆ ಕೈಹಾಕಿ ಪ್ಲೇಟು ನೋಡಬೇಕು. ಶಸ್ತ್ರಚಿಕಿತ್ಸೆ ಅರ್ಧ ನಿಮಿಷ ನಿಂತರೆ ಏನೂ ಹೋಗುವುದಿಲ್ಲ. ಜಿನುಗುವ ರಕ್ತವನ್ನು ಗಾಜ್ ಒತ್ತಿ ಹಿಡಿದಿರಬಹುದು.

ಪ್ಲೇಟೊಂದೇ ಕಾರಣವಾಗಿರಬೇಕೆಂದಿಲ್ಲ. ತುದಿಗೆ ಕರಕಲು ಮೆತ್ತಿದರೂ ವಿದ್ಯುತ್ತು ಸರಿಯಾಗಿ ಹೋಗದು, ಒರೆಸಿದರೆ ಸಾಕು. ಗಾಯದಲ್ಲಿ ರಕ್ತವೋ ಸಲೈನೋ ನಿಂತಿದ್ದರೆ ಉಪ್ಪುನೀರಿನ ಮೂಲಕ ವಿದ್ಯುತ್ತು ಅಗಲವಾಗಿ ಚದುರಿ ಎಲ್ಲೂ ಬಿಸಿಯೇರುವುದಿಲ್ಲ. ಗಾಜ್‌ನಿಂದ ಹೀರಿ ಒಣಗಿಸಬೇಕು. ಇನ್ನೊಂದು, ಮೋಡ್. ರಕ್ತ ನಿಲ್ಲಿಸಲು ಕೋಯಾಗ್ ಗುಂಡಿಯೇ ಬೇಕೆಂಬ ನಂಬಿಕೆ ಬಹಳ ಗಟ್ಟಿ. ಕೋಯಾಗ್‌ನಲ್ಲಿ ವಿದ್ಯುತ್ತು ಬಿಟ್ಟುಬಿಟ್ಟು ಬರುತ್ತದೆ. ಸಾಮಾನ್ಯ ಯಂತ್ರದಲ್ಲಿ ಒಟ್ಟು ಸಮಯದ 6 ಶೇಕಡಾದಷ್ಟು ಮಾತ್ರ ಹರಿದು ಉಳಿದ ಹೊತ್ತು ಬಿಡುವಾಗಿರುತ್ತದೆ. ಅದಕ್ಕೆ ಅದರ ವೋಲ್ಟೇಜು ಬಹಳ ಎತ್ತರ. ಕಿಡಿಯಾಗಿ ಹಾರಿ ಮೇಲ್ಮೈಯನ್ನು ಕರಕಲು ಮಾಡುವುದರಲ್ಲಿ ಅದು ಮುಂದು. ರಕ್ತನಾಳವನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದು, ಲೋಹ ತಾಗಿಸಿಯೇ ಇಟ್ಟುಕೊಂಡು, ಕಡಿಮೆ ವೋಲ್ಟೇಜಿನ ಕಟ್ ಮೋಡ್‌ನಲ್ಲಿ ಸಣ್ಣದಾಗಿ ಒತ್ತಿದರೆ ನಾಳ ಒಳಗಿನಿಂದ ಒಣಗಿ ಮುಚ್ಚುತ್ತದೆ, ಕರಕಲೂ ಕಡಿಮೆ.

ಅಂದಿನ ಪ್ಲೇಟಿನ ಸ್ಥಿತಿ ಹೇಗಿತ್ತು ಎಂದು ಮರುಕಟ್ಟಿ ನೋಡಿದೆವು. ಮೊಲದ ಹೊಟ್ಟೆಯ ತುಪ್ಪಳವನ್ನು ನುಣ್ಣಗೆ ತೆಗೆದಿದ್ದರು, ಬೆನ್ನಿನದನ್ನು ತೆಗೆದಿರಲಿಲ್ಲ. ತುಪ್ಪಳದ ಮೇಲೆಯೇ ಪ್ಲೇಟಿಗೆ ಸಂಪರ್ಕ ಕೊಡಲೆಂದು ಬೇರೊಂದು ಜೆಲ್ ಸುರಿದು ಪ್ಲೇಟಿನ ಮೇಲೆ ಮಲಗಿಸಿದ್ದರು. ಆ ಜೆಲ್ಲೂ ಅಲ್ಟ್ರಾಸೌಂಡ್‌ಗೆಂದು ಇಟ್ಟದ್ದು. ಶಬ್ದ ಸಾಗಿಸಲು ಮಾಡಿದ ಜೆಲ್, ಎಲೆಕ್ಟ್ರೋಡಿಗೆಂದೇ ಮಾಡಿದ ಜೆಲ್ಲಿನಂತೆ ವಿದ್ಯುತ್ ಸಾಗಿಸುವುದಿಲ್ಲ. ಹೊಟ್ಟೆ ತೊಳೆಯಲು ಸುರಿದ ಬೆಚ್ಚಗಿನ ಸಲೈನ್ ಬಲಪಕ್ಕೆಯಿಂದ ಇಳಿದು ಪ್ಲೇಟಿನ ಒಂದು ಅಂಚಿನ ತುಪ್ಪಳವನ್ನು ನೆನೆಸಿತ್ತು ಎಂದು ಸಹಾಯಕರು ನೆನಪಿಸಿಕೊಂಡರು. ಮೇಜು ಆ ಕಡೆಗೆ ತುಸು ವಾಲಿತ್ತು. ಬೇರೆಲ್ಲೂ ಸರಿಯಾದ ದಾರಿಯಿಲ್ಲದ ವಿದ್ಯುತ್ತಿಗೆ ಆ ಒದ್ದೆ ಪಟ್ಟಿಯೇ ದಾರಿಯಾಯಿತು ಎಂಬುದು ನನ್ನ ನಿರ್ಣಯ. ಲೆಕ್ಕ ಹಾಕಿ ನೋಡಿ. ಬೆನ್ನು ಪ್ಲೇಟಿಗೆ ಚೆನ್ನಾಗಿ ತಾಗಿದ್ದರೆ ಸುಮಾರು 75 ಚದರ ಸೆಂಟಿಮೀಟರ್ ಸಿಗುತ್ತಿತ್ತು. ಸುಟ್ಟ ಪಟ್ಟಿ 7.5 ಚದರ ಸೆಂಟಿಮೀಟರ್. ವಿದ್ಯುತ್ತೆಲ್ಲ ಅದರಲ್ಲೇ ಹೋಯಿತೆಂದು ಹಿಡಿದರೆ ಸಾಂದ್ರತೆ ಹತ್ತು ಪಟ್ಟು, ಬಿಸಿ ನೂರು ಪಟ್ಟು. ಎಲ್ಲವೂ ಅಲ್ಲೇ ಹೋಗಿರಲಾರದು, ಆದರೂ ಪ್ರಮಾಣ ಯಾವ ಮಟ್ಟದ್ದು ಎಂಬುದು ಗೊತ್ತಾಗುತ್ತದೆ. ಪ್ಲೇಟುಗಳಿಗೆ ಇರುವ ಅಂತರರಾಷ್ಟ್ರೀಯ ಮಾನಕ ಐಇಸಿ 60601-2-2 ಕೇಳುವುದೇನೆಂದರೆ, 700 ಮಿಲಿಆಂಪಿಯರ್ ವಿದ್ಯುತ್ತು 60 ಸೆಕೆಂಡ್ ಹರಿದರೂ ಕೆಳಗಿನ ಚರ್ಮದ ಉಷ್ಣತೆ 6 ಡಿಗ್ರಿಗಿಂತ ಹೆಚ್ಚು ಏರಬಾರದು. ಆ ಭರವಸೆ ಪ್ಲೇಟು ಹೇಳಿದ ರೀತಿಯಲ್ಲಿ ಪೂರ್ತಿ ತಾಗಿದ್ದಾಗಿನದು. ತುಪ್ಪಳದ ಮೇಲೆ ಮಲಗಿದ ಮೊಲಕ್ಕೆ ಅದು ಅನ್ವಯಿಸುವುದಿಲ್ಲ.

ಇದನ್ನು ಊಹೆಗೆ ಬಿಡಬಾರದೆಂದು, ಬೇರೊಂದು ಅಧ್ಯಯನ ಮುಗಿದು ಆಗಲೇ ಸತ್ತಿದ್ದ ಮೊಲದ ದೇಹದ ಮೇಲೆ ಅದೇ ಯಂತ್ರ, ಅದೇ ಪ್ಲೇಟು ಇಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದೆವು. ತುಪ್ಪಳದ ಮೇಲೆ ಜೆಲ್ ಹಾಕಿ, ಒಂದು ಅಂಚಿಗೆ ಸಲೈನ್ ಬಿಟ್ಟಾಗ, ಬಿಸಿ ಒಂದು ಅಂಚಿನಲ್ಲಿ ತೆಳುವಾದ ಪಟ್ಟಿಯಾಗಿ ನಿಂತಿತು. ಉಳಿದ ಬೆನ್ನು ತಣ್ಣಗೇ ಇತ್ತು. ಅದೇ ದೇಹದ ಬೆನ್ನನ್ನು ನುಣ್ಣಗೆ ತೆಗೆದು ಎಲೆಕ್ಟ್ರೋಡ್ ಜೆಲ್ ಹಚ್ಚಿ ಮತ್ತೆ ಮಾಡಿದಾಗ ಪಟ್ಟಿ ಮಾಯವಾಗಿ ಇಡೀ ಜಾಗ ತುಸುವೇ ಬೆಚ್ಚಗಾಯಿತು. ಇನ್ನೂ ಒಂದು ಕಂಡಿತು: ತುದಿಯಲ್ಲಿ ಮೊದಲ ಸಲ 45 ವಾಟ್‌ಗೆ ಆದ ಕೆಲಸ ಎರಡನೆಯ ಸಲ 20ಕ್ಕೇ ಆಯಿತು. ಸತ್ತ ದೇಹದಲ್ಲಿ ರಕ್ತ ಹರಿದು ಬಿಸಿಯನ್ನು ಒಯ್ಯುವುದಿಲ್ಲವಾದ್ದರಿಂದ ಉಷ್ಣತೆಯ ಅಂಕಿಗಳನ್ನು ನಾನು ಇಲ್ಲಿ ಕೊಡುತ್ತಿಲ್ಲ. ಬಿಸಿ ಹಂಚಿಕೆಯಾದ ರೀತಿಯನ್ನಷ್ಟೇ ನಂಬಬಹುದು.

"ಯಂತ್ರ ಅಲಾರಂ ಕೊಡಲಿಲ್ಲವಲ್ಲ" ಎಂಬ ಪ್ರಶ್ನೆ ಸಭೆಯಲ್ಲಿ ಬಂತು. ಉತ್ತರ ಸರಳ. ಒಂದೇ ಹಾಳೆಯ ಪ್ಲೇಟಿನಲ್ಲಿ ಯಂತ್ರ ನೋಡುವುದು ಕೇಬಲ್ ಜೋಡಣೆಯನ್ನು ಮಾತ್ರ. ಪ್ಲೇಟಿನ ಮೇಲೆ ಪ್ರಾಣಿ ಇದೆಯೇ, ಎಷ್ಟು ತಾಗಿದೆ ಎಂಬುದು ಅದಕ್ಕೆ ತಿಳಿಯದು. ಎರಡು ಭಾಗಗಳಾಗಿ ಸೀಳಿದ ಅಂಟು ಪ್ಯಾಡ್‌ಗಳಿವೆ. ಆ ಎರಡು ಭಾಗಗಳ ನಡುವಿನ ಪ್ರತಿರೋಧವನ್ನು ಯಂತ್ರ ಸತತ ಅಳೆದು, ಒಂದು ಬದಿ ಕಿತ್ತುಬಂದರೂ ವಿದ್ಯುತ್ತು ನಿಲ್ಲಿಸುತ್ತದೆ. ಈ ಯಂತ್ರಕ್ಕೂ ಅಂಥ ಪ್ಯಾಡ್ ಹಾಕುವ ಸೌಲಭ್ಯ ಇತ್ತು, ಬಳಸುತ್ತಿರಲಿಲ್ಲ. ಮನುಷ್ಯರ ವಯಸ್ಕ ಗಾತ್ರದ ಪ್ಯಾಡ್ ಮೊಲಕ್ಕೆ ದೊಡ್ಡದೆಂದು ಕತ್ತರಿಸಿ ಅಂಟಿಸಬಹುದೇ ಎಂದು ಒಬ್ಬರು ಕೇಳಿದರು. ಖಂಡಿತ ಕೂಡದು. ಕತ್ತರಿಸಿದ ಅಂಚಿನಲ್ಲಿ ಜೆಲ್ಲಿನ ಪದರವೂ ಲೋಹದ ಪದರವೂ ಒಂದೇ ಕಡೆ ಮುಗಿದು ಲೋಹ ನೇರ ಚರ್ಮಕ್ಕೆ ತಾಗಬಹುದು. ಅಳತೆಯ ಲೆಕ್ಕವೂ ಕೆಡುತ್ತದೆ. ಸಣ್ಣ ಪ್ರಾಣಿಗೆ ಶಿಶುಗಳ ಗಾತ್ರದ ಪ್ಯಾಡ್ ತರಿಸಬೇಕು.

ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಆ ಕೊಠಡಿಯಲ್ಲಿ ವರ್ಷಗಳಿಂದ ಬಳಕೆಯಲ್ಲಿದ್ದದ್ದು ಬ್ಯಾಟರಿಯ ಕಾಟರಿ ಪೆನ್ನು. ಅದರಲ್ಲಿ ತಂತಿ ಕಾಯುತ್ತದೆ, ಕಾದ ತಂತಿ ಸುಡುತ್ತದೆ, ಪ್ರಾಣಿಯ ಮೈಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಪ್ಲೇಟು ಬೇಡ, ಬೆನ್ನು ಬೋಳಿಸುವುದು ಬೇಡ. ಇಲಿಗಳಿಗೆ ಅದು ಇವತ್ತಿಗೂ ಒಳ್ಳೆಯ ಸಾಧನ. ದೊಡ್ಡ ಯಂತ್ರ ಬಂದಾಗ ಪ್ರೋಟೋಕಾಲ್‌ನಲ್ಲಿ ಹೆಸರಷ್ಟೇ ಬದಲಾಯಿತು. ತಯಾರಿಯ ಪಟ್ಟಿ ಹಳೆಯದೇ ಉಳಿಯಿತು. ಪ್ಲೇಟಿನ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಈ ಮೊಲಕ್ಕೂ ಮೊದಲು ಕೆಲವು ಮೊಲಗಳು ಅದೇ ತಯಾರಿಯಲ್ಲಿ ಗಾಯವಿಲ್ಲದೆ ಪಾರಾಗಿದ್ದವು. ಅವುಗಳಲ್ಲಿ ರಕ್ತ ಜಿನುಗಿರಲಿಲ್ಲ, ಪೆಡಲ್ ಒತ್ತಿದ್ದು ಕಡಿಮೆ.

ಪಾರಾದ ಮೊಲಗಳ ಹಿಸ್ಟಾಲಜಿ ಸ್ಲೈಡುಗಳನ್ನು (ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶದ ತೆಳು ಚೂರುಗಳನ್ನು) ಅಧ್ಯಯನದ ಮುಖ್ಯಸ್ಥರ ಒಪ್ಪಿಗೆ ಪಡೆದು ನೋಡಿದೆ. ಗರ್ಭಕೋಶದ ಕೊಂಬಿನ ಮೇಲೆ ಒಂದೇ ಅಳತೆಯ ಗಾಯ ಇರಬೇಕಿತ್ತು. ಒಂದರಲ್ಲಿ ಮೇಲ್ಪದರ ಮಾತ್ರ ಬಿಳಿಚಿತ್ತು, ಮತ್ತೊಂದರಲ್ಲಿ ಸ್ನಾಯುಪದರದವರೆಗೆ ಸುಟ್ಟಿತ್ತು. ಡಯಲ್‌ನಲ್ಲಿ ಅಂಕಿ ಒಂದೇ ಇದ್ದರೂ ಪ್ಲೇಟು ಒಂದೊಂದು ಮೊಲಕ್ಕೆ ಒಂದೊಂದು ರೀತಿ ತಾಗಿದ್ದರಿಂದ ತುದಿಗೆ ತಲುಪಿದ ಶಕ್ತಿ ಒಂದೇ ಆಗಿರಲಿಲ್ಲ. ಕೆಲವು ಸ್ಲೈಡುಗಳಲ್ಲಿ ಗಾಯ ಮಾಡಿದ ಜಾಗಕ್ಕಿಂತ ದೂರ, ಕೊಂಬನ್ನು ಹಿಡಿದಿರುವ ತೆಳುಪೊರೆಯ ಬುಡದಲ್ಲಿ ಹೆಚ್ಚು ಸುಟ್ಟಿತ್ತು. ಕೊಂಬನ್ನು ಹೊಟ್ಟೆಯಿಂದ ಎತ್ತಿ ಹಿಡಿದು ಮೊನೊಪೋಲಾರ್ ಮುಟ್ಟಿಸಿದಾಗ ಹೀಗಾಗುತ್ತದೆ: ವಿದ್ಯುತ್ತು ಮೈಗೆ ಮರಳಲು ಆ ಕಿರಿದಾದ ಕಾಂಡವೊಂದೇ ದಾರಿ, ಸಾಂದ್ರತೆ ಅಲ್ಲಿ ಏರುತ್ತದೆ. ಅಂಡಕೋಶವನ್ನೋ ವೃಷಣವನ್ನೋ ಎಳೆದು ಹಿಡಿದು ಮೊನೊಪೋಲಾರ್ ಬಳಸುವ ಎಲ್ಲರೂ ಇದನ್ನು ನೆನಪಿಡಬೇಕು, ಬೀದಿನಾಯಿಯ ಸಂತಾನಹರಣವಿರಲಿ, ಪ್ರಯೋಗಾಲಯದ ಇಲಿಯಿರಲಿ. ತುದಿ ತಾಗಿದ ಜಾಗಕ್ಕಿಂತ ಕಾಂಡ ತೆಳುವಾಗಿದ್ದರೆ ಕಾಂಡವೇ ಮೊದಲು ಬೇಯುತ್ತದೆ.

ಬದಲಾವಣೆಗಳಲ್ಲಿ ನಾನು ಹಟ ಹಿಡಿದದ್ದು ಬೈಪೋಲಾರ್‌ಗೆ. ಬೈಪೋಲಾರ್ ಫೋರ್ಸೆಪ್ಸ್‌ನಲ್ಲಿ ವಿದ್ಯುತ್ತು ಒಂದು ಮೊನೆಯಿಂದ ಇನ್ನೊಂದು ಮೊನೆಗೆ, ನಡುವೆ ಹಿಡಿದ ಅಂಗಾಂಶದ ಮೂಲಕ ಮಾತ್ರ ಹೋಗುತ್ತದೆ. ಪ್ಲೇಟು ಬೇಡ. ಮೈಯ ಉಳಿದ ಭಾಗಕ್ಕೆ ಸಂಬಂಧವಿಲ್ಲ. ಕಡಿಮೆ ಶಕ್ತಿಯಲ್ಲಿ, ತುಸು ಒದ್ದೆಯಿದ್ದರೂ ಕೆಲಸ ಮಾಡುತ್ತದೆ. ಕೊಂಬಿನ ಗಾಯವನ್ನು ಅದರಿಂದಲೇ, ಇಂತಿಷ್ಟು ವಾಟ್, ಇಂತಿಷ್ಟು ಸೆಕೆಂಡ್ ಎಂದು ನಿಗದಿ ಮಾಡಿ ಮಾಡಬೇಕೆಂದು ತಿದ್ದುಪಡಿಯಾಯಿತು. ಮೊನೊಪೋಲಾರ್ ಹೊಟ್ಟೆಗೋಡೆಯ ಸ್ನಾಯುವಿಗಷ್ಟೇ ಉಳಿಯಿತು, ಅದೂ ಬೆನ್ನು ಬೋಳಿಸಿ, ಶಿಶು ಗಾತ್ರದ ಇಬ್ಭಾಗದ ಪ್ಯಾಡ್ ಅಂಟಿಸಿದ ಮೇಲೆ. ಚರ್ಮ ಕೊಯ್ಯಲು ಬ್ಲೇಡು. ಎಲೆಕ್ಟ್ರೋಸರ್ಜರಿಯನ್ನೇ ಕೈಬಿಡೋಣ ಎಂಬ ಸಲಹೆಯೂ ಬಂದಿತ್ತು. ಅದನ್ನು ನಾನು ಒಪ್ಪಲಿಲ್ಲ. ಮೊಲದ ಮೈಯಲ್ಲಿ ಕಿಲೋಗೆ ಸುಮಾರು 56 ಮಿಲಿಲೀಟರ್ ರಕ್ತ. 3.2 ಕಿಲೋ ಮೊಲಕ್ಕೆ 180 ಮಿಲಿಲೀಟರ್; ಅದರ ಹತ್ತನೇ ಒಂದು ಭಾಗ ನೆನೆದ ಒಂದೆರಡು ಗಾಜ್‌ನಲ್ಲಿ ಹೊರಟುಹೋಗುತ್ತದೆ. 25 ಗ್ರಾಂ ಸುಂಡಿಲಿಗೆ ಇರುವುದೇ 2 ಮಿಲಿಲೀಟರ್‌ನಷ್ಟು ರಕ್ತ. 1926ರ ಅಕ್ಟೋಬರ್ 1ರಂದು ಬಾಸ್ಟನ್‌ನಲ್ಲಿ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ವಿಲಿಯಂ ಬೋವಿ ಕಟ್ಟಿದ ಎಲೆಕ್ಟ್ರೋಸರ್ಜರಿ ಯಂತ್ರವನ್ನು ಮೊದಲ ಬಾರಿ ಬಳಸಿದ್ದು, ರಕ್ತಸ್ರಾವದಿಂದಾಗಿ ಕೆಲವೇ ದಿನ ಮೊದಲು ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದಿದ್ದ ಗಡ್ಡೆಯೊಂದನ್ನು ತೆಗೆಯಲು. ಪ್ರಾಣಿ ಚಿಕ್ಕದಾದಷ್ಟೂ ರಕ್ತ ಉಳಿಸುವ ಸಾಧನದ ಅಗತ್ಯ ಹೆಚ್ಚು.

ಅದೇ ಕಟ್ಟಡದಲ್ಲಿ ಬೇರೆ ಪ್ರಾಣಿಗಳೂ ಇದ್ದುದರಿಂದ ತಿದ್ದುಪಡಿ ಮೊಲಕ್ಕೆ ನಿಲ್ಲಲಿಲ್ಲ. ಸುಂಡಿಲಿ, ಇಲಿ, ಹಕ್ಕಿಗಳಿಗೆ ಬೈಪೋಲಾರ್ ಅಥವಾ ಕಾದ ತಂತಿಯ ಪೆನ್ನು ಮಾತ್ರ. ಅಷ್ಟು ಸಣ್ಣ ಮೈಯಲ್ಲಿ ಮೊನೊಪೋಲಾರ್ ವಿದ್ಯುತ್ತು ಹರಡಿಕೊಳ್ಳಲು ಜಾಗವಿಲ್ಲ. ಕುರಿಯ ಉಣ್ಣೆ ತೆಗೆದರೆ ಸಾಲದು, ಚರ್ಮದ ಮೇಲಿನ ಉಣ್ಣೆಯ ಜಿಡ್ಡನ್ನೂ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಹಂದಿಯಲ್ಲಿ ಕೊಬ್ಬು ದಪ್ಪಗಿರುವ ಕಡೆ ಬಿಟ್ಟು ಸ್ನಾಯು ತುಂಬಿದ ಕಡೆ ಅಂಟಿಸಬೇಕು. ಕೊಬ್ಬು ವಿದ್ಯುತ್ತನ್ನು ಚೆನ್ನಾಗಿ ಒಯ್ಯದು. ಮೈಯೊಳಗೆ ಟೆಲಿಮೆಟ್ರಿ ಸಾಧನವೋ (ಅಳತೆಗಳನ್ನು ನಿಸ್ತಂತುವಾಗಿ ಕಳಿಸುವಂಥದ್ದು) ತಲೆಬುರುಡೆಗೆ ಎಲೆಕ್ಟ್ರೋಡೋ ಇರುವ ಪ್ರಾಣಿಯಲ್ಲಿ ಅದು ಪೆನ್ಸಿಲ್ ಮತ್ತು ಪ್ಲೇಟಿನ ನಡುವಿನ ದಾರಿಯಲ್ಲಿ ಬರಬಾರದು. ಇಸಿಜಿಗೆ ಚುಚ್ಚುವ ಸೂಜಿ ಎಲೆಕ್ಟ್ರೋಡುಗಳ ವಿಷಯದಲ್ಲೂ ಇದೇ ಎಚ್ಚರ: ಸೂಜಿಯ ಮೊನೆ ಬಹಳ ಸಣ್ಣ, ವಿದ್ಯುತ್ತಿನ ಸ್ವಲ್ಪ ಪಾಲು ಆ ಕಡೆ ತಿರುಗಿದರೂ ಸುಡುತ್ತದೆ.

ತನಿಖೆಯ ವೇಳೆ ಕಣ್ಣಿಗೆ ಬಿದ್ದ, ಈ ಗಾಯಕ್ಕೆ ಸಂಬಂಧಿಸದ ಎರಡು ಸಂಗತಿಗಳನ್ನೂ ವರದಿಯಲ್ಲಿ ಬರೆದೆ. ಸೋಂಕು ತಡೆಯಲು ಚರ್ಮಕ್ಕೆ ಹಚ್ಚುತ್ತಿದ್ದದ್ದು ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್. ಕೂದಲಿನ ಅಂಚಿನಲ್ಲಿ ಅದು ಒಣಗಲು ಬಹಳ ಹೊತ್ತು ಬೇಕು. ಮೂತಿಗೆ ಹಾಕಿದ ಸಡಿಲ ಮಾಸ್ಕಿನಿಂದ ಆಕ್ಸಿಜನ್ ಹೊದಿಕೆಯ ಕೆಳಗೆ ಸೋರುತ್ತಿತ್ತು. ಅರಿವಳಿಕೆಯ ಅನಿಲ ಐಸೊಫ್ಲೂರೇನ್ ಹೊತ್ತಿಕೊಳ್ಳುವುದಿಲ್ಲ, ಆದರೆ ಆಲ್ಕೊಹಾಲ್ ಆವಿ, ಆಕ್ಸಿಜನ್, ಕಿಡಿ ಮೂರೂ ಒಂದು ಕಡೆ ಸೇರಿದರೆ ತುಪ್ಪಳ ಹೊತ್ತಿಕೊಳ್ಳಲು ಇನ್ನೇನೂ ಬೇಡ. ಮೊಲದ ಸೀಕಂ ಹುದುಗುವಿಕೆಯ ದೊಡ್ಡ ಚೀಲ. ಅದರ ಅನಿಲದಲ್ಲಿ ಹೈಡ್ರೋಜನ್, ಮೀಥೇನ್ ಇರುತ್ತವೆ, ಅದನ್ನು ಮೊನೊಪೋಲಾರ್‌ನಿಂದ ತೆರೆಯಲೇಬಾರದು. ಹೊಗೆಯನ್ನು ಎಳೆಯುವ ನಳಿಗೆ ಕೊಠಡಿಯಲ್ಲಿತ್ತು, ಗಾಯದಿಂದ ಬಹಳ ದೂರ. ಸುಮಾರು 5 ಸೆಂಟಿಮೀಟರ್ ಒಳಗೆ ಹಿಡಿದರಷ್ಟೇ ಪ್ರಯೋಜನ. ಸುಟ್ಟ ಅಂಗಾಂಶದ ಹೊಗೆಯನ್ನು ದಿನವೂ ಉಸಿರಾಡುವವರು ಆ ಸಹಾಯಕರೇ.

ಉಳಿದದ್ದು ದತ್ತಾಂಶದ ಪ್ರಶ್ನೆ. ಈ ಅಧ್ಯಯನ ಉರಿಯೂತ ಅಳೆಯಲು ರಕ್ತದ ಸಿ-ರಿಯಾಕ್ಟಿವ್ ಪ್ರೋಟೀನ್ ನೋಡುತ್ತಿತ್ತು. ಮೊಲದಲ್ಲಿ ಆ ಪ್ರೋಟೀನ್ ಗಾಯಕ್ಕೆ ಬಹಳ ತೀವ್ರವಾಗಿ ಏರುತ್ತದೆ. ಬೆನ್ನಿನ ಸುಟ್ಟಗಾಯ ಏರಿಸಿದ್ದೆಷ್ಟು, ಹೊಟ್ಟೆಯೊಳಗಿನ ಗಾಯ ಏರಿಸಿದ್ದೆಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ. ಈ ಮೊಲದ ಅಂಕಿಗಳನ್ನು ಕೈಬಿಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಕಷ್ಟವಾದದ್ದು ಗಾಯವಿಲ್ಲದೆ ಪಾರಾದ ಮೊಲಗಳ ವಿಷಯ. ಅವುಗಳ ಕೊಂಬಿನ ಗಾಯ ಒಂದೇ ಸಮ ಇರಲಿಲ್ಲವೆಂದು ಸ್ಲೈಡುಗಳು ತೋರಿಸಿದ ಮೇಲೆ ಅಂಟುವಿಕೆ ತಡೆಯುವ ಜೆಲ್ಲಿನ ಗುಣವನ್ನು ಅವುಗಳಿಂದ ಅಳೆಯುವುದು ನ್ಯಾಯವಲ್ಲ ಎಂದು ನಾನು ವಾದಿಸಿದೆ. ಮುಖ್ಯಸ್ಥರು ಒಂದಿಷ್ಟು ದಿನ ಯೋಚಿಸಿ ಒಪ್ಪಿದರು. ಆ ಗುಂಪನ್ನು ಪ್ರಾಥಮಿಕ ಹಂತವೆಂದು ಬೇರೆ ಮಾಡಿ, ಬೈಪೋಲಾರ್ ವಿಧಾನದಲ್ಲಿ ಹೊಸ ಗುಂಪಿಗೆ ಸಮಿತಿಯ ಅನುಮತಿ ಕೇಳಿದರು. ಮತ್ತಷ್ಟು ಪ್ರಾಣಿಗಳು ಬೇಕಾದದ್ದು ನನಗೆ ನೋವಿನ ಸಂಗತಿ, ಸಮಿತಿಗೂ ಹಾಗೇ ಬರೆದು ತಿಳಿಸಿದೆ. ಸಮಿತಿ ಅನುಮತಿಗೆ ಹಾಕಿದ ಷರತ್ತು ಇಷ್ಟು: ಪ್ರತಿ ಪ್ರಾಣಿಯ ಹಾಳೆಯಲ್ಲಿ ಯಂತ್ರದ ಮಾದರಿ, ಮೋಡ್, ವಾಟ್, ಒತ್ತಿಹಿಡಿದ ಸೆಕೆಂಡು, ಪ್ಯಾಡ್ ಅಂಟಿಸಿದ ಜಾಗ ದಾಖಲಾಗಬೇಕು, ಶಕ್ತಿ ಏರಿಸಿದರೆ ಅದಕ್ಕೆ ಮುಂಚೆ ಪ್ಯಾಡ್ ನೋಡಿದವರ ಸಹಿ ಇರಬೇಕು, ಪ್ಯಾಡ್ ಕಿತ್ತ ಕೂಡಲೇ ಒಮ್ಮೆ, ಆಮೇಲೆ ಏಳು ದಿನ ದಿನಕ್ಕೊಮ್ಮೆ ಆ ಜಾಗದ ಚರ್ಮವನ್ನು ಕೈಯಿಂದ ಮುಟ್ಟಿ ನೋಡಿ, ನೋವಿನ ಮುಖಚಹರೆಯ ಅಂಕದ ಜೊತೆಗೆ ಬರೆಯಬೇಕು.